ನಲವತ್ತೈದನೇ ಮೆಟ್ಟಿಲ ಮೇಜು

ನಿಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಏನೇನಿದೆ? ಸುಮ್ಮನೆ ಕೇಳಿದೆ. ನಮ್ಮಲ್ಲಿ ಏನಿತ್ತು ಅಂತ ಮೊದಲು ನಾನೇ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮದನ್ನು ನೆನಪು ಮಾಡಿಕೊಳ್ಳಿ. ಒಂದು ಮುರಿದ ಸೈಕಲ್ಲು, ಬಣ್ಣದ ಖಾಲಿ ಡಬ್ಬಗಳು, ಯಾರದೋ ಹಳೆ ಹಾಸಿಗೆ, ಮತ್ತೆ ಐದು ಮೂಟೆ ಬಟ್ಟೆ ಚೂರು. ಆ ಐದು ಮೂಟೆ ನನ್ನವು.

ನಾನು ಟೈಲರ್. ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಮನೆ, ಅದರ ಮೇಲೆ ಆಕಾಶ. ಹೊಲಿದು ಉಳಿದ ಚೂರುಗಳನ್ನೆಲ್ಲ ಮೂಟೆ ಕಟ್ಟಿ ಕೆಳಗೆ, ಮೆಟ್ಟಿಲಡಿ, ಕರೆಂಟ್ ಮೀಟರುಗಳ ಪಕ್ಕ ಇಡುತ್ತಿದ್ದೆ. ತಿಂಗಳಿಗೊಮ್ಮೆ ಚೂರು ಕೊಳ್ಳುವವನು ಬಂದು ಒಯ್ಯುತ್ತಿದ್ದ. ಕೆಲವು ತಿಂಗಳು ಬರುತ್ತಲೂ ಇರಲಿಲ್ಲ. ಮೂಟೆ ಎರಡಿದ್ದದ್ದು ಐದಾಗಿದ್ದು ಹಾಗೆ.

ಇದಲ್ಲದೆ ನನ್ನದೊಂದು ಮೇಜು. ಕಾಲಲ್ಲಿ ತುಳಿಯುವ ಹಳೆ ಹೊಲಿಗೆ ಯಂತ್ರದ ಮೇಜು, ಕಬ್ಬಿಣದ ಕಾಲು, ಮೇಲೆ ಗಟ್ಟಿ ಮರದ ಹಲಗೆ. ನಾನು ಹೊಲಿಗೆ ಕಲಿತದ್ದು ಅದರ ಮೇಲೆ. ಮೋಟಾರಿನ ಯಂತ್ರ ಬಂದ ಮೇಲೆ ಮನೆಯೊಳಗೆ ಅದಕ್ಕೆ ಜಾಗ ಇರಲಿಲ್ಲ, ಬಿಸಾಡಲು ಮನಸ್ಸೂ ಇರಲಿಲ್ಲ. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಮೆಟ್ಟಿಲು ತಿರುಗುತ್ತದಲ್ಲ, ಆ ಮೂಲೆಗೆ ತಳ್ಳಿ, ಮೇಲೊಂದು ಬಟ್ಟೆ ಹೊದಿಸಿದೆ. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಈಗ ನಮ್ಮ ಅಳಿಯಂದಿರ ವಿಷಯ. ಅವರು ಅಗ್ನಿಶಾಮಕ ದಳದವರು. ಮಗಳು ಮೆಚ್ಚಿ ಮದುವೆಯಾದಳು. ನನಗೆ ಆಗ ಮನಸ್ಸಿರಲಿಲ್ಲ.

"ಮಗಳನ್ನ ಬೆಂಕಿಗೆ ತಳ್ಳಿದ ಹಾಗಲ್ವೇನ್ರೀ ಇದು?" ಎಂದು ನಮ್ಮ ಯಜಮಾನರ ಹತ್ತಿರ ಗೊಣಗಿದ್ದೆ.

"ಅವ್ನು ಬೆಂಕಿ ಆರಿಸೋನು ಕಣೇ, ಹಚ್ಚೋನಲ್ಲ" ಎಂದು ಅವರು ನಕ್ಕುಬಿಟ್ಟಿದ್ದರು.

ಅಳಿಯಂದಿರು ಮೃದು ಮಾತಿನವರು, ಕುಡಿತವಿಲ್ಲ, ಸಿಟ್ಟಿಲ್ಲ. ಆದರೆ ಒಂದು ಚಾಳಿ. ಭಾನುವಾರ ಊಟಕ್ಕೆ ಬಂದರೆ ಮೆಟ್ಟಿಲು ಎಣಿಸಿಕೊಂಡೇ ಹತ್ತುವರು. ಅದೂ ಸುಮ್ಮನಲ್ಲ, ಒಂದು ಕೈ ಗೋಡೆಗೆ ತಾಗಿಸಿಕೊಂಡು, ಬಾಯಲ್ಲಿ ಒಂದು, ಎರಡು, ಮೂರು. ಪ್ರತಿ ಮಹಡಿಗೆ ಒಂಬತ್ತು, ತಿರುಗಿ ಮತ್ತೆ ಒಂಬತ್ತು. ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಐವತ್ತನಾಲ್ಕು. ನಲವತ್ತೈದಕ್ಕೆ ಒಂದು ಸಲ "ಅಯ್ಯೋ" ಎನ್ನುವರು, ಮಂಡಿ ನನ್ನ ಮೇಜಿಗೆ ಬಡಿದಿರುತ್ತಿತ್ತು.

"ಅತ್ತೆ, ಈ ಮೇಜು ಇಲ್ಲಿಂದ ತೆಗೆಸಿಬಿಡಿ."

"ಮುಂದಿನ ವಾರ ತೆಗೆಸ್ತೀನಿ ಬನ್ನಿ, ಊಟ ಆರೋಗುತ್ತೆ."

"ಕೆಳಗಿರೋ ಮೂಟೆಗಳು ಇನ್ನೂ ಅಪಾಯ ಅತ್ತೆ. ಮೀಟರ್ ಬೋರ್ಡ್ ಪಕ್ಕ ಬಟ್ಟೆ ಇಡಬಾರದು. ಒಂದು ಕಿಡಿ ಸಾಕು."

"ಹೂಂ ಹೂಂ, ಕೈ ತೊಳ್ಕೊಳ್ಳಿ."

ಒಳಗೆ ಬಂದ ಮೇಲಾದರೂ ಸುಮ್ಮನಿರುವರೇ? ನಮ್ಮ ಮನೆ ಬಾಗಿಲು ಯಾವಾಗಲೂ ಹಾರುಹೊಡೆದಿರುತ್ತಿತ್ತು. ಗಿರಾಕಿಗಳು ಬರುತ್ತಾರಲ್ಲ. ಅವರು ಎದ್ದು ಹೋಗಿ ಮುಚ್ಚಿ ಬರುವರು. ನಾನು ತೆಗೆಯುವುದು, ಅವರು ಮುಚ್ಚುವುದು. "ಬೆಂಕಿ ಬಿದ್ದಾಗ ಜನ ಸಾಯೋದು ಉರಿಯಿಂದ ಅಲ್ಲ ಅತ್ತೆ, ಹೊಗೆಯಿಂದ. ಮುಚ್ಚಿದ ಬಾಗಿಲು ಹೊಗೆಗೆ ಅಡ್ಡ" ಎಂದು ವಿವರಿಸುವರು. ಅಳಿಯ ಮನೆ ತೊಳಿಯ ಎಂದು ಗಾದೆ ಕೇಳಿದ್ದೆ. ನಮಗೆ ಸಿಕ್ಕವರು ಮೆಟ್ಟಿಲನ್ನೂ ತೊಳೆದುಬಿಡುತ್ತಾರೆ ಎಂದು ಮಗಳ ಹತ್ತಿರ ಆಡಿಕೊಂಡೆ. ಹಿತ್ತಲ ಗಿಡ ಮದ್ದಲ್ಲ. ಅದೇ ಮಾತನ್ನು ರೇಡಿಯೋದಲ್ಲಿ ಯಾರಾದರೂ ಹೇಳಿದ್ದರೆ ಕಿವಿಗೊಟ್ಟು ಕೇಳುತ್ತಿದ್ದೆನೇನೋ.

ನನಗೆ ಬೆಂಬಲಕ್ಕೆ ಮೊದಲ ಮಹಡಿಯ ಹಿರಿಯರೊಬ್ಬರಿದ್ದರು. ಅವರ ಹೆಸರನ್ನು ಕಟ್ಟಡದ ಎಲ್ಲರೂ ಮರೆತು ಯಾವ ಕಾಲವಾಯಿತೋ, ಎಲ್ಲರ ಬಾಯಲ್ಲಿ ಅವರು 'ಏನಾಗಲ್ಲ ಅಂಕಲ್'. ನಲ್ಲಿ ಸೋರಿದರೂ "ಏನಾಗಲ್ಲ ಬಿಡಿ", ಗೋಡೆ ಬಿರುಕು ಬಿಟ್ಟರೂ "ಏನಾಗಲ್ಲ ಬಿಡಿ". ಮೀಟರ್ ಬೋರ್ಡಿನಲ್ಲಿ ಆಗಾಗ ಚಟಚಟ ಸದ್ದು ಬರುತ್ತದೆ ಎಂದು ಯಾರೋ ಹೇಳಿದಾಗಲೂ ಅದೇ ಮಾತು.

ಆ ಸಲ ನಮ್ಮ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ತೊಡೆಯಿಂದ ಹಿಮ್ಮಡಿವರೆಗೆ ಪ್ಲಾಸ್ಟರ್. ಆರು ವಾರ ಹಾಸಿಗೆ. ಅವರು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಜನರ ನಡುವೆ ಇದ್ದು ಬದುಕಿದವರು, ಮಲಗಿಸಿದರೆ ಕೇಳಬೇಕೇ? ಗೋಡೆಗೆ ನೇತುಹಾಕಿದ್ದ ಹಳೆ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು, ಅದು ಬಸ್ಸಿನ ನಿಯಮ. ಮನೆಯಲ್ಲಿ ಅದೇ ನಿಯಮ ನನಗೆ ಬಂತು. ಒಂದು ಸೀಟಿ ಊದಿದರೆ ನಾನು ಹೊಲಿಗೆ ಬಿಟ್ಟು ಹೋಗಿ ನಿಲ್ಲಬೇಕು, ನೀರೋ ಚಹಾವೋ ಕೊಟ್ಟ ಮೇಲೆ ಎರಡು ಸೀಟಿ, ಇನ್ನು ಹೊರಡು.

ಮೂರು ವಾರ ತಡೆದೆ. ಅಂದು ಬೆಳಿಗ್ಗೆ ಹನ್ನೊಂದಕ್ಕೆ ನನ್ನ ತಾಳ್ಮೆ ಹರಿದೇ ಹೋಯಿತು. ಒಬ್ಬ ಗಿರಾಕಿಯ ಎಂಟು ಪರದೆ ಮಧ್ಯಾಹ್ನಕ್ಕೆ ಮುಗಿಸಬೇಕು, ಎಂಟನೆಯದಕ್ಕೆ ದಾರ ಮುಗಿದಿದೆ, ರಸ್ತೆ ಮೂಲೆಯ ಅಂಗಡಿಗೆ ಓಡಬೇಕು. ಆಗ ಸೀಟಿ.

"ಮತ್ತೇನು? ನಾನೇನು ನಿಮ್ಮ ಬಸ್ಸಾ?"

"ಬಾಗಿಲು ಎಳ್ಕೊಂಡು ಹೋಗೇ. ಅಳಿಯಂದ್ರು ಎಷ್ಟು ಸಲ ಹೇಳಿದಾರೆ."

"ಅಳಿಯಂದ್ರು ಹೇಳಿದ್ರು, ಅಳಿಯಂದ್ರು ಹೇಳಿದ್ರು! ಅವರನ್ನೇ ಕರೆಸ್ಕೊಳ್ಳಿ, ಬಂದು ಮುಚ್ತಾರೆ!"

ಹಾಗೆಂದು ಧಡಾರನೆ ಬಾಗಿಲು ಎಳೆದುಕೊಂಡು ಇಳಿದುಬಿಟ್ಟೆ. ಇಳಿಯುವಾಗ ಕೆಳಗೆ ಅದೇ ಚಟಚಟ ಸದ್ದು ಕೇಳಿದ್ದು ಈಗಲೂ ನೆನಪಿದೆ. ನಿಂತು ನೋಡಲಿಲ್ಲ.

ದಾರದ ಬಣ್ಣ ಹೊಂದಿಸುತ್ತ ಅಂಗಡಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಅಂಗಡಿಯವಳು ನನ್ನ ಹೆಗಲ ಮೇಲಿಂದ ನೋಡಿ, "ಅಕ್ಕಾ, ಅದು ನಿಮ್ಮ ಬಿಲ್ಡಿಂಗ್ ಅಲ್ವಾ?" ಎಂದಳು.

ತಿರುಗಿದೆ. ಮೆಟ್ಟಿಲ ಬಾಗಿಲಿನಿಂದ ದಟ್ಟ ಕಪ್ಪು ಹೊಗೆ ಬರುತ್ತಿತ್ತು. ಕೈಯಲ್ಲಿದ್ದ ದಾರದ ಉಂಡೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಅಂಗಡಿಯವಳು ಜಾಣೆ, ಆಗಲೇ ಫೋನ್ ಹಚ್ಚಿ ವಿಳಾಸ ಹೇಳುತ್ತಿದ್ದಳು. ನಾನು ಓಡಿದೆ.

ಕೆಳಗಿನವರೆಲ್ಲ ಹೊರಗೆ ಬಂದಿದ್ದರು. ಏನಾಗಲ್ಲ ಅಂಕಲ್ ಬನಿಯನ್ನಿನಲ್ಲೇ ರಸ್ತೆಯಲ್ಲಿ ನಿಂತಿದ್ದರು. ನಾನು ಮೆಟ್ಟಿಲಡಿ ಇಣುಕಿದೆ. ಉರಿಯುತ್ತಿದ್ದದ್ದು ನನ್ನ ಮೂಟೆಗಳು. ಮೀಟರ್ ಬೋರ್ಡಿನ ಕಿಡಿ ಅವುಗಳ ಮೇಲೆ ಬಿದ್ದಿತ್ತು. ನೈಲಾನ್ ಚೂರುಗಳು ಕರಗಿ, ಸುರುಟಿ, ಆ ವಿಷದ ಹೊಗೆಯನ್ನೆಲ್ಲ ಮೆಟ್ಟಿಲಗುಂಟ ಮೇಲಕ್ಕೆ ಕಳಿಸುತ್ತಿದ್ದವು. ಮೇಲೆ ನಮ್ಮವರು, ಒಂದು ಹೆಜ್ಜೆ ಇಡಲಾರದವರು.

ನುಗ್ಗಲು ಹೋದೆ. ಮೂರು ಮೆಟ್ಟಿಲು ಹತ್ತಿರಬೇಕು. ಒಂದು ಉಸಿರು ಒಳಗೆ ಹೋಯಿತು ನೋಡಿ, ಎದೆಗೆ ಯಾರೋ ಕೆಂಡ ಸುರಿದ ಹಾಗಾಯಿತು. ಕಣ್ಣು ಕಾಣದು, ಕೈಕಾಲು ಆಡದು. ಅಂಕಲ್ ನನ್ನ ಸೆರಗು ಹಿಡಿದು ಹೊರಗೆಳೆಯದಿದ್ದರೆ ಇವತ್ತು ಈ ಕಥೆ ಹೇಳಲು ನಾನಿರುತ್ತಿರಲಿಲ್ಲ. ಬೆಂಕಿ ಬಿದ್ದ ಮನೆಗೆ ಮತ್ತೆ ನುಗ್ಗಬೇಡಿ ಎಂದು ಹೇಳುತ್ತಾರಲ್ಲ, ಅದು ಹೆದರಿಸಲು ಹೇಳುವ ಮಾತಲ್ಲ.

ಗಂಟೆ ಬಾರಿಸುತ್ತ ಅಗ್ನಿಶಾಮಕ ಗಾಡಿ ಬಂತು. ಬಂದು ರಸ್ತೆ ಮೂಲೆಯಲ್ಲೇ ನಿಂತಿತು. ಎರಡೂ ಬದಿ ನಿಲ್ಲಿಸಿದ್ದ ಕಾರು, ಸ್ಕೂಟರುಗಳ ನಡುವೆ ಅದು ನುಗ್ಗುವುದಾದರೂ ಹೇಗೆ? ಏಣಿಯೂ ಅಲ್ಲೇ ಉಳಿಯಿತು. ನೀರಿನ ಪೈಪು ಎಳೆದುಕೊಂಡು ಓಡಿ ಬಂದವರಲ್ಲಿ ಒಬ್ಬರ ನಡಿಗೆ ನೋಡಿಯೇ ಗುರುತು ಹಿಡಿದೆ. ನಮ್ಮ ಅಳಿಯಂದಿರು.

ಓಡಿ ಹೋಗಿ ಅವರ ತೋಳು ಹಿಡಿದೆ. "ನಿಮ್ಮ ಮಾವ ಒಳಗಿದಾರೆ! ಒಬ್ಬರೇ ಇದಾರೆ!"

ಅವರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಅತ್ತೆ, ಬರುವಾಗ ಬಾಗಿಲು ಮುಚ್ಚಿದ್ರಾ?"

ಇಂಥ ಹೊತ್ತಲ್ಲಿ ಬಾಗಿಲಿನ ಮಾತೇ! ನನಗೆ ಮೈಯೆಲ್ಲ ಉರಿಯಿತು. ಆದರೂ ಹೇಳಿದೆ. "ಮುಚ್ಚಿದೆ. ಸಿಟ್ಟಲ್ಲಿ ಧಡಾರ್ ಅಂತ ಎಳ್ಕೊಂಡು ಬಂದೆ."

ಅವರು ತಲೆ ಎತ್ತಿ ನಮ್ಮ ಕಿಟಕಿ ನೋಡಿದರು. ಅಲ್ಲಿ ಹೊಗೆ ಇರಲಿಲ್ಲ. ಅದರ ಕೆಳಗಿನ ಕಿಟಕಿಯಿಂದ ಹೊಗೆ ಬುಸುಬುಸು ಬರುತ್ತಿತ್ತು. ಎರಡನೇ ಮಹಡಿಯ ಬಾಣಂತಿ ಆ ಕಿಟಕಿಯ ಕಂಬಿಗೆ ಮುಖ ಒತ್ತಿ ಕೂಗುತ್ತಿದ್ದಳು. ಪಾಪ, ಏನಾಯಿತೆಂದು ನೋಡಲು ಬಾಗಿಲು ತೆಗೆದಿದ್ದಾಳೆ, ಹೊಗೆ ಒಳಗೆ ನುಗ್ಗಿದೆ, ಮಗುವನ್ನೆತ್ತಿಕೊಂಡು ಕಿಟಕಿಗೆ ಓಡಿದ್ದಾಳೆ, ಬಾಗಿಲು ತೆರೆದೇ ಉಳಿದಿದೆ. ಎರಡು ತಿಂಗಳ ಕೂಸು.

ಅಳಿಯಂದಿರು ಗಾಳಿ ಸಿಲಿಂಡರಿನ ಮುಖವಾಡ ಏರಿಸುತ್ತ ಹೇಳಿದರು. "ಹಾಗಾದ್ರೆ ಮಾವ ತಡ್ಕೋತಾರೆ ಅತ್ತೆ. ಕೂಸು ತಡ್ಕೊಳಲ್ಲ."

ಅವರ ಅಧಿಕಾರಿಯೂ ಬೆರಳು ಎತ್ತಿ ಎರಡನೇ ಮಹಡಿ ತೋರಿಸಿದರು. ಕರೆಂಟ್ ತೆಗೆಸಿ ಇಬ್ಬರು ಬೆಂಕಿಯ ಬುಡಕ್ಕೆ ನೀರು ಹೊಡೆಯುತ್ತಿದ್ದ ಹಾಗೆಯೇ, ಅಳಿಯಂದಿರೂ ಜೊತೆಗಾರನೂ ಆ ಕಪ್ಪಿನೊಳಗೆ ಬಾಗಿ ನುಗ್ಗಿ ಮಾಯವಾದರು.

ನಾನು ಆಡಿದ ಮಾತು ಹೇಳಲು ಈಗ ನಾಚಿಕೆ. "ಮಗಳನ್ನ ಕೊಟ್ಟಿದ್ದಕ್ಕೆ ಒಳ್ಳೆ ಉಪಕಾರ ಮಾಡಿದ್ರಿ!" ಎಂದು ರಸ್ತೆಯಲ್ಲೇ ಕಿರುಚಿದೆ. ನನ್ನ ಗಂಡನನ್ನು ಬಿಟ್ಟು ಬೇರೆಯವರ ಮನೆಗೆ ಹೋದರಲ್ಲ ಎನ್ನುವ ಸಿಟ್ಟು. ಸ್ವಂತ ಅಳಿಯ ಎನ್ನುವುದಕ್ಕೆ ಅಷ್ಟೂ ಬೆಲೆ ಇಲ್ಲವೇ ಎನ್ನಿಸಿತು.

ಆಗ ಮೇಲಿಂದ ಸೀಟಿ ಕೇಳಿಸಿತು. ಒಂದೇ ಒಂದು ಸೀಟಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ನಮ್ಮವರು ಬದುಕಿದ್ದಾರೆ, ನಿಲ್ಲಿ, ಇಲ್ಲಿ ಒಬ್ಬ ಇದ್ದೇನೆ ಎನ್ನುತ್ತಿದ್ದಾರೆ. ಬೆಳಿಗ್ಗೆ ತಾನೆ ಅದೇ ಸದ್ದಿಗೆ ಬೈದವಳು ನಾನು. ಈಗ ಅದು ನಿಲ್ಲದಿರಲಿ ಎಂದು ಕೈಮುಗಿದು ನಿಂತೆ.

ನಾಲ್ಕು ನಿಮಿಷ ಆಗಿತ್ತಂತೆ, ನನಗೆ ನಾಲ್ಕು ವರ್ಷ. ಹೊಗೆಯೊಳಗಿಂದ ಮೊದಲು ಜೊತೆಗಾರ ಬಂದ, ಬಾಣಂತಿಯನ್ನು ತೋಳಿನಲ್ಲಿ ಆತುಕೊಂಡು. ಹಿಂದೆಯೇ ಅಳಿಯಂದಿರು. ಎದೆಗೆ ಒದ್ದೆ ಬಟ್ಟೆಯ ಗಂಟು. ನೇರ ನನ್ನ ಹತ್ತಿರ ಬಂದು ಆ ಗಂಟನ್ನು ನನ್ನ ಕೈಗಿಟ್ಟರು.

"ಹಿಡ್ಕೊಳ್ಳಿ ಅತ್ತೆ."

ಮುಖವಾಡವನ್ನೂ ತೆಗೆಯದೆ ಅವರು ಬೆನ್ನು ತಿರುಗಿಸಿ ನಡೆದರು. ಗಾಳಿ ಎಷ್ಟು ಉಳಿದಿದೆ ಎಂದು ಅಧಿಕಾರಿ ಅವರ ಸಿಲಿಂಡರಿನ ಮುಳ್ಳು ನೋಡಿ ಏನೋ ಹೇಳಿದರು, ಇವರು ತಲೆಯಾಡಿಸಿ ಮೂರು ಬೆರಳು ತೋರಿಸಿದರು. ಮೂರನೇ ಮಹಡಿ. ಅಧಿಕಾರಿ ಬೇಗ ಎನ್ನುವಂತೆ ಕೈ ಬೀಸಿದರು, ಇನ್ನೊಂದು ಮುಖವಾಡ ಕೊಟ್ಟರು. ಜೊತೆಗಾರನೂ ಅವರ ಹಿಂದೆಯೇ ನುಗ್ಗಿದ. ನನ್ನ ಕೈಯಲ್ಲಿದ್ದ ಗಂಟು ಒಮ್ಮೆ ಕೆಮ್ಮಿತು, ಆಮೇಲೆ ಲಬೋ ಎಂದು ಅಳತೊಡಗಿತು. ಅಷ್ಟು ಚಂದದ ಅಳುವನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಕೂಸನ್ನು ತಾಯಿಯ ಮಡಿಲಿಗೆ ಹಾಕಿದೆ. ನಾನು ಕಿರುಚಿದ ಮಾತನ್ನು ನೆನೆದು ಭೂಮಿಗಿಳಿದು ಹೋದೆ.

ಮೇಲೆ ಸೀಟಿ ನಿಂತಿತ್ತು.

ಒಳಗೆ ಏನಾಯಿತೆಂದು ಅಳಿಯಂದಿರು ಇವತ್ತಿಗೂ ಬಾಯಿ ಬಿಟ್ಟಿಲ್ಲ, ಅದನ್ನೆಲ್ಲ ಹೇಳಿದ್ದು ಜೊತೆಗಾರ. ದೀಪ ಹಿಡಿದರೂ ಸ್ವಂತ ಕೈ ಕಾಣದಷ್ಟು ಹೊಗೆಯಂತೆ. ಎರಡನೇ ಸಲವೂ ಅಳಿಯಂದಿರು ಒಂದು ಕೈ ಗೋಡೆಗಿಟ್ಟು, ಮಂಡಿಯೂರಿ, ಎಣಿಸುತ್ತ ಹತ್ತಿದರಂತೆ. ಮೂವತ್ತಾರಕ್ಕೆ ಬಾಣಂತಿಯ ಬಾಗಿಲು. ಅಲ್ಲಿಂದ ಮೂವತ್ತೇಳು, ಮೂವತ್ತೆಂಟು. ನಲವತ್ತೈದಕ್ಕೆ ಸರಿಯಾಗಿ, "ನಿಲ್ಲು, ಇಲ್ಲಿ ನಮ್ಮ ಅತ್ತೆಯ ಮೇಜಿದೆ" ಎಂದರಂತೆ.

ಒಬ್ಬರು ಪಕ್ಕಕ್ಕೆ ತಿರುಗಿ ಹೋಗುವಷ್ಟು ಜಾಗ ಅಲ್ಲಿತ್ತು. ಆದರೆ ಬಗ್ಗದ ಪ್ಲಾಸ್ಟರ್ ಕಾಲಿನವರನ್ನು ಹೊತ್ತು ಇಳಿಯುವಷ್ಟು ಇರಲಿಲ್ಲ. ಅದನ್ನು ಮೊದಲೇ ಲೆಕ್ಕ ಹಾಕಿ, ಅಳಿಯಂದಿರು ಆ ಕಬ್ಬಿಣದ ಮೇಜಿಗೆ ಹೆಗಲು ಕೊಟ್ಟು ಎತ್ತಿ ಮೂಲೆಗೆ ನೆಟ್ಟಗೆ ನಿಲ್ಲಿಸಿದರು. ಅದು ಮತ್ತೆ ವಾಲಿ ಅವರ ಎಡ ಮುಂಗೈ ಮೇಲೆ ಬಿತ್ತು. ಮೂಳೆ ಬಿರುಕು ಬಿಟ್ಟಿತು. "ಅಯ್ಯೋ ಅಂದ್ರು, ಆಮೇಲೆ ಐವತ್ತನಾಲ್ಕಕ್ಕೆ ಬಾಗಿಲು ಅಂದ್ರು, ಅಷ್ಟೇ" ಎಂದ ಜೊತೆಗಾರ.

ಬಾಗಿಲ ಒಳಗೆ ನಮ್ಮವರು ಮಾಡಿದ್ದೇನು ಗೊತ್ತೇ? ಹಾಸಿಗೆಯಿಂದ ಉರುಳಿ, ಪ್ಲಾಸ್ಟರ್ ಕಾಲು ಎಳೆದುಕೊಂಡು, ನಾನು ಹೊಲಿದಿಟ್ಟ ಏಳು ಪರದೆಗಳನ್ನು ಕುಡಿಯುವ ನೀರಲ್ಲಿ ಅದ್ದಿ, ಬಾಗಿಲ ಕೆಳಗಿನ ಸಂದಿಗೆ ತುರುಕಿದ್ದರು. ಕಿಟಕಿ ತೆರೆದು, ಅದರ ಕೆಳಗೆ ನೆಲದ ಮೇಲೆ ಮಲಗಿ ಸೀಟಿ ಊದುತ್ತಿದ್ದರು. ಇದನ್ನೆಲ್ಲ ಭಾನುವಾರಗಳಂದು ಅಳಿಯಂದಿರ ಹತ್ತಿರ ಕೇಳಿ ಕೇಳಿ ಕಲಿತದ್ದು. ನಾನು ಅಡುಗೆಮನೆಯಲ್ಲಿ ಆಡಿಕೊಂಡು ನಗುತ್ತಿದ್ದಾಗ ಅವರು ಪಾಠ ಕೇಳುತ್ತಿದ್ದರು. ಬಾಗಿಲು ಬಡಿದ ಸದ್ದಾದ ಮೇಲೆ, ತೆಗೆಯಲು ತೆವಳಿದ್ದಕ್ಕೆ ಸೀಟಿ ನಿಂತಿತ್ತು.

ಅದು ನಮಗೆ ಕೆಳಗೆ ಹೇಗೆ ಗೊತ್ತಾಗಬೇಕು? ಮೇಲೆ ಸದ್ದಿಲ್ಲ. ಒಳಗೆ ಗಂಡ, ಒಳಗೆ ಅಳಿಯ. ಮಗಳಿಗೆ ಏನೆಂದು ಹೇಳಲಿ? ನನ್ನ ಮೂಟೆ ಸುಟ್ಟಿತು, ನನ್ನ ಮೇಜು ಅಡ್ಡ ಬಂತು ಎಂದು ಯಾವ ಬಾಯಲ್ಲಿ ಹೇಳಲಿ? ಅಂಕಲ್ ಪಕ್ಕದಲ್ಲಿ ನಿಂತಿದ್ದರು. ಅವರ ಬಾಯಿಂದ ಅಂದು ಆ ಮಾತು ಬರಲಿಲ್ಲ.

ಆಗ ಕೇಳಿಸಿತು. ಎರಡು ಸೀಟಿ! ಒಂದರ ಹಿಂದೆ ಒಂದು, ಗಟ್ಟಿಯಾಗಿ, ಮೂವತ್ತೊಂದು ವರ್ಷ ಊದಿದ ಹಾಗೆಯೇ.

"ಹೊರಟ್ರು!" ಎಂದು ಕೂಗಿದೆ. "ಎರಡು ಸೀಟಿ ಅಂದ್ರೆ ಹೊರಡು ಅಂತ! ಬರ್ತಿದಾರೆ, ಬರ್ತಿದಾರೆ!"

ಮುಖವಾಡ ಹಾಕಿಸಿಕೊಳ್ಳುವ ಮುಂಚೆ ಅವರು ಊದಿದ್ದಂತೆ. ಅಳಿಯನ ಹೆಗಲೇರಿ ಸೀಟಿ ಊದಿದ ಮಾವ ಲೋಕದಲ್ಲಿ ಇವರೊಬ್ಬರೇ ಇರಬೇಕು. ಎರಡನೇ ಮುಖವಾಡಕ್ಕೂ ಗಾಳಿ ಹೋಗುತ್ತಿದ್ದದ್ದು ಅಳಿಯಂದಿರ ಸಿಲಿಂಡರಿನಿಂದಲೇ. ಒಬ್ಬರ ಗಾಳಿ ಇಬ್ಬರಿಗೆ. ಜೊತೆಗಾರ ಪ್ಲಾಸ್ಟರ್ ಕಾಲನ್ನು ಹಿಡಿದುಕೊಂಡಿದ್ದ. ಎರಡನೇ ಮಹಡಿ ದಾಟುವಾಗ ಗಾಳಿ ಮುಗಿಯುತ್ತ ಬಂತೆಂದು ಸಿಲಿಂಡರಿನ ಎಚ್ಚರಿಕೆ ಗಂಟೆ ಹೊಡೆದುಕೊಳ್ಳತೊಡಗಿತು. ಮಾವನನ್ನು ಇಳಿಸಿ ತಾವು ಮುಂದೆ ಓಡಬಹುದಿತ್ತು. ಬಿರುಕು ಬಿಟ್ಟ ಕೈಯಲ್ಲೇ ಬಿಗಿಯಾಗಿ ಹಿಡಿದು, ಹಿಂದಕ್ಕೆ ಎಣಿಸುತ್ತ ಇಳಿದರು. ಆ ಗಂಟೆ ಹೊಡೆದುಕೊಳ್ಳುತ್ತಲೇ ಮೂವರೂ ಬೆಳಕಿಗೆ ಬಂದರು.

ರಸ್ತೆಯಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ನಾನು ಓಡಿ ಹೋಗಿ ನಮ್ಮವರ ಪಕ್ಕ ಕೂತೆ. ನಮ್ಮವರು ಮುಖವಾಡ ತೆಗೆದು, ಮಸಿ ಬಳಿದ ಮುಖದಲ್ಲಿ ನನ್ನನ್ನು ನೋಡಿ, "ದಾರ ಸಿಕ್ತೇನೇ?" ಎಂದರು. ಅತ್ತೆನೋ ನಕ್ಕೆನೋ ನನಗೇ ತಿಳಿಯದು.

ಅಳಿಯಂದಿರು ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಮುಂಗೈ ಊದಿತ್ತು. ನಾನು ಹೋಗಿ ಎದುರು ನಿಂತೆ.

"ನಾನು ಅಂದ ಮಾತು ಕೇಳಿಸ್ತಾ?"

"ಯಾವ ಮಾತು ಅತ್ತೆ? ಒಳಗೆ ಏನೂ ಕೇಳಿಸಲ್ಲ." ಕೇಳಿಸಿತ್ತೆಂದು ಅವರ ಕಣ್ಣೇ ಹೇಳಿತು. ಆಮೇಲೆ ಮೆಲ್ಲಗೆ, "ಬಾಗಿಲು ಮುಚ್ಚಿ ಬಂದಿರಿ ನೋಡಿ, ಮಾವನನ್ನ ಉಳಿಸಿದ್ದು ನೀವೇ" ಎಂದರು.

ಸಿಟ್ಟಲ್ಲಿ ಎಳೆದ ಬಾಗಿಲದು. ನನ್ನ ಸಿಟ್ಟಿನಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಅದೊಂದೇ ಸಲ. ಅಲ್ಲಿ ನೆರೆದಿದ್ದವರಿಗೆಲ್ಲ ಕೇಳುವ ಹಾಗೆ, "ಇವರು ನಮ್ಮ ಅಳಿಯ! ನಮ್ಮ ಮನೆ ಅಳಿಯ!" ಎಂದು ಕೂಗಿ ಹೇಳಿದೆ. ಬಾಣಂತಿ ಕೂಸನ್ನು ಅಪ್ಪಿಕೊಂಡೇ ಬಂದು, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಣ್ಣಾ" ಎಂದಳು. ಅವರು ತಲೆ ತಗ್ಗಿಸಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ನನಗೋ, ಎದೆಯುಬ್ಬಿ ರವಿಕೆಯ ಹೊಲಿಗೆ ಬಿಚ್ಚುವುದೊಂದು ಬಾಕಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನಮ್ಮ ಕಟ್ಟಡದ್ದೂ ಅದೇ ಕಥೆ. ಎರಡು ವಾರದ ನಂತರ ಎಲ್ಲರನ್ನೂ ಸೇರಿಸಿದೆ. ಅಳಿಯಂದಿರು ಕೈಗೆ ಕಟ್ಟು ಹಾಕಿಕೊಂಡು ಬಂದರು. ಮೀಟರ್ ಬೋರ್ಡ್ ಹೊಸದಾಗಬೇಕು, ಮೆಟ್ಟಿಲ ಮೇಲೆ ಒಂದು ಕಡ್ಡಿಯೂ ಇರಬಾರದು ಎಂದರು. ಎಲ್ಲರೂ ಹೂಂ ಎಂದರು. ಏನಾಗಲ್ಲ ಅಂಕಲ್ ಮಾತ್ರ ಗಂಟಲು ಸರಿಮಾಡಿಕೊಂಡರು.

"ಆಗಿದ್ದು ಆಯ್ತು. ಒಂದ್ಸಲ ಆದ್ಮೇಲೆ ಇನ್ನು ನೂರು ವರ್ಷ ಏನಾಗಲ್ಲ ಬಿಡಿ. ನಮ್ಮನೆ ಮುಂದಿನ ತಿರುವಲ್ಲಿ ಚಪ್ಪಲಿ ಬೀರು ಇದೆ, ಎರಡು ಹೂಕುಂಡ ಇದೆ. ಅದಕ್ಕೇನು ತೊಂದ್ರೆ? ಮೆಟ್ಟಿಲು ನನಗೆ ಕಣ್ಣು ಮುಚ್ಚಿದ್ರೂ ಗೊತ್ತು."

ಅಳಿಯಂದಿರು ಜಗಳವಾಡಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದರು. "ಹಾಗಾದ್ರೆ ಕಣ್ಣು ಮುಚ್ಚಿ ಇಳೀರಿ ಅಂಕಲ್. ಹೊಗೆಯಲ್ಲಿ ಹೀಗೇ ಇರುತ್ತೆ. ನಾನು ಮುಂದೆ ಇರ್ತೀನಿ, ಬೀಳೋಕೆ ಬಿಡಲ್ಲ."

ಕಣ್ಣಿಗೆ ಬಟ್ಟೆ ಕಟ್ಟಿದೆವು. ಅಂಕಲ್ ಮನೆ ಬಾಗಿಲಿಂದ ಧೈರ್ಯವಾಗಿಯೇ ಹೊರಟರು. ಐದು ಮೆಟ್ಟಿಲು ಸರಾಗ. ಏಳಕ್ಕೆ ಕೈ ಗೋಡೆ ಹುಡುಕಿತು. ಒಂಬತ್ತಕ್ಕೆ ಧಡ್! ತಮ್ಮದೇ ಚಪ್ಪಲಿ ಬೀರಿಗೆ ಮಂಡಿ ಬಡಿಯಿತು, ಬೀರು ಹಿಡಿಯಲು ಹೋಗಿ ಹೂಕುಂಡ ಉರುಳಿತು, ಅಂಕಲ್ ಅಳಿಯಂದಿರ ತೋಳಿಗೆ ಜೋತುಬಿದ್ದರು. ಯಾರೋ ಹಿಂದಿನಿಂದ "ಏನಾಗಲ್ಲ ಬಿಡಿ ಅಂಕಲ್!" ಎಂದರು. ಕಟ್ಟಡವೆಲ್ಲ ನಕ್ಕಿತು.

ಅಂಕಲ್ ನಗಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿ, ಉರುಳಿದ ಹೂಕುಂಡವನ್ನು ಎತ್ತಿ ನಿಲ್ಲಿಸಿದರು. "ನಾನು ಬಾಗಿಲಿಂದ ಒಂಬತ್ತೇ ಮೆಟ್ಟಿಲು ಬಂದಿದ್ದು" ಎಂದರು. "ನೀನು ಅವತ್ತು ಐವತ್ತನಾಲ್ಕು ಹತ್ತಿದೆಯಲ್ಲಪ್ಪಾ." ಆ ಸಂಜೆಯೇ ಬೀರು ಒಳಗೆ ಹೋಯಿತು. ಅವರ ಕಾರನ್ನೂ ಈಗ ರಸ್ತೆಯ ಒಂದೇ ಬದಿಗೆ, ಗಾಡಿ ನುಗ್ಗಲು ಜಾಗ ಬಿಟ್ಟು ನಿಲ್ಲಿಸುತ್ತಾರೆ. ಬೇರೆಯವರು ಅಡ್ಡ ನಿಲ್ಲಿಸಿದರೆ ಬೈಯುವುದೂ ಅವರೇ.

ನನ್ನ ಮೇಜು? ಕಬ್ಬಿಣದ ಕಾಲನ್ನು ಗುಜರಿಗೆ ಕೊಟ್ಟೆ. ಮರದ ಹಲಗೆಯನ್ನು ಕೆಳಗೆ ಬಾಗಿಲ ಪಕ್ಕ ಗೋಡೆಗೆ ಹೊಡೆಸಿದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಅಗ್ನಿಶಾಮಕ ದಳದ ನಂಬರು, ಅದರ ಕೆಳಗೆ 'ಮೆಟ್ಟಿಲು ನಡೆಯೋಕೆ, ಸಾಮಾನು ಇಡೋಕಲ್ಲ' ಎಂದು ಬರೆಸಿದ್ದೇನೆ. ನಾನು ಹೊಲಿಗೆ ಕಲಿತ ಹಲಗೆಯಲ್ಲಿ ಈಗ ಬೇರೆಯವರು ಪಾಠ ಓದುತ್ತಾರೆ. ಕಳೆದ ಭಾನುವಾರ ಅಳಿಯಂದಿರು ಊಟಕ್ಕೆ ಬಂದರು. ಮೇಲಿಂದ ಕಿವಿಗೊಟ್ಟು ಕೇಳುತ್ತಿದ್ದೆ. ನಲವತ್ತೈದಕ್ಕೆ "ಅಯ್ಯೋ" ಬರಲಿಲ್ಲ. ನಲವತ್ತಾರು ಎಂದರು, ಹತ್ತಿ ಬಂದರು.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೋಗಬೇಡಿ. ಇವತ್ತೇ ನಿಮ್ಮ ಮೆಟ್ಟಿಲು ನೋಡಿ ಬನ್ನಿ. ಮೀಟರ್ ಪಕ್ಕ ಬಟ್ಟೆ, ಕಾಗದ, ಎಣ್ಣೆ ಇದ್ದರೆ ತೆಗೆಯಿರಿ. ಚಟಚಟ ಸದ್ದು ಕೇಳಿದರೆ ಕರೆಂಟಿನವರನ್ನು ಕರೆಸಿ. ಹೊಗೆ ಕಂಡರೆ ತಡಮಾಡದೆ ಫೋನ್ ಮಾಡಿ. ಹೊರಗೆ ಹೋಗಲು ದಾರಿ ಚೊಕ್ಕಟವಿದ್ದರೆ ಬಾಗಿ, ನೆಲದ ಹತ್ತಿರ ಉಸಿರಾಡುತ್ತ ಹೊರಡಿ. ಹೊರಗೆ ಹೊಗೆ ತುಂಬಿದ್ದರೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಗೆ ಹೋಗಿ ಕೂಗಿ. ಸೀಟಿ ಇದ್ದರೆ ಇನ್ನೂ ಒಳ್ಳೆಯದು. ಹೊರಗೆ ಬಂದವರು ಏನೇ ಆದರೂ ಮತ್ತೆ ಒಳಗೆ ನುಗ್ಗಬೇಡಿ, ಒಳಗಿರುವವರ ವಿಷಯವನ್ನು ಬಂದವರಿಗೆ ಹೇಳಿ.

ನಿಮ್ಮನ್ನು ಉಳಿಸಲು ಕತ್ತಲೆಯಲ್ಲಿ ಮೆಟ್ಟಿಲು ಎಣಿಸುತ್ತ ಬರುವವರು ಯಾರದೋ ಮಗ, ಯಾರದೋ ಮಗಳು, ಯಾರದೋ ಅಳಿಯ. ಅವರ ಕೈ ಮುರಿಯುವ ಮೇಜು ನಿಮ್ಮದಾಗುವುದು ಬೇಡ. ನನ್ನದೊಂದು ಸಾಕು.

ಎದ್ದಿರಾ? ಮೆಟ್ಟಿಲು ನೋಡಲು ಹೊರಟಿರಾ? ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಿ.